ಮನೆಯಲ್ಲೇ ಸೈಕಲ್ ದುರಸ್ತಿ: ರಿಪೇರಿ ಸ್ಟ್ಯಾಂಡು ಯಾವ ಕೆಲಸಕ್ಕೆ ಬೇಕು, ಯಾವುದಕ್ಕೆ ಬೇಡ

ಧಾರವಾಡದ ಹಳೆಯ ಓಣಿಗಳಲ್ಲಿ ಇಂದಿಗೂ ಕಾಣಸಿಗುವ ಕಪ್ಪು ಸೈಕಲ್ಲುಗಳ ಹಿಂಗಾಲಿಯ ಎರಡೂ ಬದಿಗೆ ಕಾಲುಗಳಿರುವ ಕಬ್ಬಿಣದ ಸ್ಟ್ಯಾಂಡೊಂದು ಇರುತ್ತದೆ. ಅದನ್ನು ಪಾದದಿಂದ ಅದುಮಿ ಸೈಕಲ್ಲನ್ನು ಹಿಂದಕ್ಕೆ ಜಗ್ಗಿದರೆ ಹಿಂದಿನ ಗಾಲಿ ನೆಲ ಬಿಟ್ಟು ಏಳುತ್ತದೆ. ಪೆಡಲ್ಲನ್ನು ಕೈಯಿಂದ ತಿರುಗಿಸಿದರೆ ಗಾಲಿ ಗಿರ್ರನೆ ಸುತ್ತುತ್ತದೆ. ಅಂದರೆ ದುರಸ್ತಿಗೆ ಬೇಕಾದ ಸ್ಟ್ಯಾಂಡನ್ನು ಆ ಸೈಕಲ್ಲು ತನ್ನ ಬೆನ್ನಿಗೇ ಕಟ್ಟಿಕೊಂಡು ತಿರುಗುತ್ತಿತ್ತು. ಈಗ ಮನೆಮನೆಗೆ ಬಂದಿರುವ ಗೇರ್ ಸೈಕಲ್ಲುಗಳಿಗೆ ಇರುವುದು ಒಂದೇ ಕಾಲಿನ ಸೈಡ್ ಸ್ಟ್ಯಾಂಡು. ಕೆಲವಕ್ಕೆ ಅದೂ ಇಲ್ಲ. ಸೈಡ್ ಸ್ಟ್ಯಾಂಡಿನ ಮೇಲೆ ವಾಲಿ ನಿಂತ ಸೈಕಲ್ಲಿನ ಗಾಲಿ ನೆಲಕ್ಕೆ ಅಂಟಿಕೊಂಡೇ ಇರುವುದರಿಂದ, ಮನೆಯಲ್ಲಿ ದುರಸ್ತಿ ಮಾಡಬೇಕೆಂದು ಹೊರಟವರಿಗೆ ಸೈಕಲ್ಲನ್ನು ಎತ್ತಿ ಹಿಡಿಯುವ ಪ್ರತ್ಯೇಕ ರಿಪೇರಿ ಸ್ಟ್ಯಾಂಡನ್ನು ಕೊಳ್ಳಲೇಬೇಕೇ ಎಂಬ ಪ್ರಶ್ನೆ ಮೊದಲ ದಿನವೇ ಎದುರಾಗುತ್ತದೆ.

ನನ್ನ ಉತ್ತರ ಇದು: ಒಂದೆರಡು ಸೈಕಲ್ಲುಗಳಿರುವ ಮನೆಗೆ ಅದು ಬೇಡ. ಆ ಹಣದಲ್ಲಿ ಒಳ್ಳೆಯ ಪಂಪು, ಒಂದು ಜೊತೆ ಅಲೆನ್ ಕೀಗಳು, 8, 10 ಮತ್ತು 15 ಮಿಲಿಮೀಟರ್ ಪಾನಾಗಳು (ಸ್ಪ್ಯಾನರುಗಳು), ಗಾಲಿಯ ಕಡ್ಡಿ ಬಿಗಿಯುವ ಒಂದು ಸ್ಪೋಕ್ ಕೀ ಮತ್ತು ಒಳ್ಳೆಯ ಚೈನ್ ಎಣ್ಣೆ ಕೊಂಡರೆ ಸೈಕಲ್ಲಿಗೆ ಅದರಿಂದ ಆಗುವ ಉಪಕಾರವೇ ದೊಡ್ಡದು. ಆದರೆ ಬೇಡ ಎಂದು ಹೇಳಿ ಸುಮ್ಮನಾಗುವಂತಿಲ್ಲ. ಸ್ಟ್ಯಾಂಡಿಲ್ಲದೆ ಕೆಲಸ ಮಾಡುವ ದಾರಿಗಳನ್ನು ಸರಿಯಾಗಿ ತಿಳಿದುಕೊಳ್ಳದಿದ್ದರೆ ಸೈಕಲ್ಲು ಬೀಳುತ್ತದೆ, ಬಾಗುತ್ತದೆ, ಕೆಲವೊಮ್ಮೆ ಬ್ರೇಕು ಕೆಡುತ್ತದೆ.

ರಿಪೇರಿ ಸ್ಟ್ಯಾಂಡು ಮೂರು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ. ಹಿಂದಿನ ಗಾಲಿಯನ್ನು ನೆಲದಿಂದ ಎತ್ತಿ ಪೆಡಲ್ಲು ಮುಂದಕ್ಕೆ ತಿರುಗುವಂತೆ ಮಾಡುತ್ತದೆ. ಸೈಕಲ್ಲು ಅಲುಗಾಡದಂತೆ ಹಿಡಿದು ನಮ್ಮ ಎರಡೂ ಕೈಗಳನ್ನು ಬಿಡುವು ಮಾಡಿಕೊಡುತ್ತದೆ. ಕೆಲಸದ ಜಾಗವನ್ನು ಎದೆಯ ಮಟ್ಟಕ್ಕೆ ತಂದು ಬೆನ್ನು ಬಗ್ಗುವುದನ್ನು ತಪ್ಪಿಸುತ್ತದೆ. ಈ ಮೂರೂ ಎಲ್ಲ ದುರಸ್ತಿಗೂ ಬೇಕಾಗುವುದಿಲ್ಲ. ಕೈಯಲ್ಲಿರುವ ಕೆಲಸಕ್ಕೆ ಮೂರರಲ್ಲಿ ಯಾವುದು ಬೇಕು ಎಂದು ಕೇಳಿಕೊಂಡರೆ ದಾರಿ ತಾನಾಗಿ ತೋರುತ್ತದೆ. ಹಾವೇರಿಯ ಕಡೆ ಚಕ್ಕಡಿಯ ಗಾಲಿಗೆ ಕೀಲೆಣ್ಣೆ ಹಾಕುವ ರೈತರು ಇಡೀ ಚಕ್ಕಡಿಯನ್ನು ಎತ್ತುವುದಿಲ್ಲ. ಅಚ್ಚಿನ ಕೆಳಗೆ ಒಂದು ಮರದ ತುಂಡು ಆನಿಸಿ, ಬೇಕಾದ ಗಾಲಿಯನ್ನಷ್ಟೇ ನೆಲ ಬಿಡಿಸುತ್ತಾರೆ. ಸೈಕಲ್ಲಿಗೂ ಅದೇ ಲೆಕ್ಕ.

ಗಾಲಿಗಳು ನೆಲದ ಮೇಲೇ ಇರಬೇಕಾದ ಕೆಲಸಗಳು

ಕೆಲವು ಕೆಲಸಗಳಿಗೆ ಸ್ಟ್ಯಾಂಡು ಬೇಡವಷ್ಟೇ ಅಲ್ಲ, ಅದು ಅಡ್ಡಿಯೇ ಆಗುತ್ತದೆ. ಪೆಡಲ್ಲು ಬಿಚ್ಚುವುದನ್ನು ತೆಗೆದುಕೊಳ್ಳಿ. ಪೆಡಲ್ಲುಗಳು ವರ್ಷಗಟ್ಟಲೆ ತುಳಿತಕ್ಕೆ ಬಿಗಿದುಕೊಂಡಿರುತ್ತವೆ. ಅವನ್ನು ಸಡಿಲಿಸಲು ಮೈಯ ಭಾರವನ್ನೇ ಪಾನಾದ ಮೇಲೆ ಹಾಕಬೇಕಾಗುತ್ತದೆ. ಸ್ಟ್ಯಾಂಡಿನಲ್ಲಿ ಸಿಕ್ಕಿಸಿದ ಸೈಕಲ್ಲಿನ ಮೇಲೆ ಅಷ್ಟು ಬಲ ಬಿದ್ದರೆ ಸ್ಟ್ಯಾಂಡೇ ಮಗುಚಬಹುದು, ಇಲ್ಲವೇ ಹಿಡಿಕೆ ಕಚ್ಚಿದ ಜಾಗದಲ್ಲಿ ಕೊಳವೆ ಜಜ್ಜಬಹುದು. ಸೈಕಲ್ಲನ್ನು ನೆಲದ ಮೇಲೆ ನಿಲ್ಲಿಸಿ, ಎರಡೂ ಬ್ರೇಕು ಹಿಡಿಯಲು ಒಬ್ಬರನ್ನು ಕರೆದು, ಪೆಡಲ್ಲನ್ನು ಹಿಡಿದಿರುವ ತೋಳನ್ನು, ಅಂದರೆ ಕ್ರ್ಯಾಂಕನ್ನು, ಮುಂದಕ್ಕೆ ಅಡ್ಡವಾಗಿ ಇಟ್ಟು ಪಾನಾವನ್ನು ಒತ್ತಬೇಕು. ಬಲಗಡೆಯ ಪೆಡಲ್ಲು ಎಲ್ಲ ಬೋಲ್ಟುಗಳಂತೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿದರೆ ಬಿಚ್ಚುತ್ತದೆ. ಎಡಗಡೆಯದಕ್ಕೆ ಮಾತ್ರ ತಿರುಪಿನ ಸುತ್ತು ಉಲ್ಟಾ ಇದ್ದು, ಅದು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದಾಗ ಬಿಚ್ಚುತ್ತದೆ. ಇದನ್ನು ಮರೆತು ಎಡ ಪೆಡಲ್ಲಿನ ಮೇಲೆ ಬಲ ಹಾಕುತ್ತಾ ಹೋದವರು ಅದನ್ನು ಇನ್ನಷ್ಟು ಬಿಗಿಗೊಳಿಸಿ ಕುಳಿತಿರುತ್ತಾರೆ.

ಹ್ಯಾಂಡಲ್ಲಿನ ಕೆಳಗಿನ ಬೇರಿಂಗು ಸಡಿಲಾಗಿದೆಯೇ ಎಂದು ನೋಡುವುದಕ್ಕೂ ಗಾಲಿಗಳು ನೆಲದ ಮೇಲಿರಬೇಕು. ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತೂಗಿದಾಗ ಟಕ್ ಟಕ್ ಎಂದು ಬಡಿದರೆ ಅದು ಸಡಿಲಾಗಿದೆ ಎಂದರ್ಥ. ಸೀಟಿನ ಎತ್ತರ, ಹ್ಯಾಂಡಲ್ಲಿನ ನೇರ, ಗಾಳಿಯ ಒತ್ತಡ, ಕ್ರ್ಯಾಂಕ್ ಬೋಲ್ಟಿನ ಬಿಗಿ ಇವೆಲ್ಲವೂ ಇದೇ ಗುಂಪಿಗೆ ಸೇರಿದವು. ಬ್ರೇಕಿನ ರಬ್ಬರುಗಳನ್ನು ಹೊಂದಿಸುವಾಗ ಗಾಲಿಯನ್ನು ಒಂದೆರಡು ಸುತ್ತು ತಿರುಗಿಸಿ ನೋಡಬೇಕಾಗುತ್ತದೆ. ಅದಕ್ಕೆ ಒಂದು ಕೈಯಿಂದ ಸೀಟನ್ನೋ ಹ್ಯಾಂಡಲ್ಲನ್ನೋ ಎತ್ತಿ ಹಿಡಿದರೆ ಸಾಕು.

ಹಳೆಯ ಕಪ್ಪು ಸೈಕಲ್ಲುಗಳಲ್ಲಿ ಕ್ರ್ಯಾಂಕನ್ನು ಅದರ ಅಚ್ಚಿಗೆ ಬಿಗಿದಿಡುವ ಕಾಟರ್ ಪಿನ್ನಿನ ಬಗ್ಗೆ ಒಂದು ಎಚ್ಚರಿಕೆ. ಅದನ್ನು ಸುತ್ತಿಗೆಯಿಂದ ಹೊಡೆದು ತೆಗೆಯಬೇಕಾಗುತ್ತದೆ, ಹೊಡೆಯುವಾಗ ಕ್ರ್ಯಾಂಕಿನ ಕೆಳಗೆ ನೆಲಕ್ಕೆ ತಾಗುವಂತೆ ದಪ್ಪ ಕಬ್ಬಿಣದ ಕೊಳವೆಯನ್ನು ಆಸರೆ ಕೊಡದಿದ್ದರೆ ಏಟು ಒಳಗಿನ ಬೇರಿಂಗಿಗೆ ಬೀಳುತ್ತದೆ. ಇದಕ್ಕೆ ಯಾವ ರಿಪೇರಿ ಸ್ಟ್ಯಾಂಡೂ ಉಪಯೋಗವಿಲ್ಲ. ಈ ಕೆಲಸವನ್ನು ಅನುಭವಿ ಮಿಸ್ತ್ರಿಯ ಕೈಗೆ ಬಿಡುವುದೇ ಲೇಸು.

ಚೈನಿಗೆ ಎಣ್ಣೆ ಹಾಕಲು ಗಾಲಿ ಎತ್ತಬೇಕಾಗಿಲ್ಲ

ಸ್ಟ್ಯಾಂಡು ಬೇಕೇಬೇಕು ಎನ್ನುವವರು ಮೊದಲು ಹೇಳುವುದು ಚೈನಿನ ಕೆಲಸವನ್ನೇ. ಇದು ತಪ್ಪು ತಿಳಿವಳಿಕೆ. ಫ್ರೀವ್ಹೀಲ್ ಇರುವ ಸೈಕಲ್ಲಿನಲ್ಲಿ, ಅಂದರೆ ನಮ್ಮ ಹೆಚ್ಚುಕಡಿಮೆ ಎಲ್ಲ ಸೈಕಲ್ಲುಗಳಲ್ಲಿ, ಪೆಡಲ್ಲನ್ನು ಹಿಂದಕ್ಕೆ ತಿರುಗಿಸಿದರೆ ಗಾಲಿ ನಿಂತಲ್ಲೇ ಇದ್ದು ಚೈನು ಮಾತ್ರ ಓಡುತ್ತದೆ. ಚೈನು ಒರೆಸಲು, ತೊಳೆಯಲು, ಎಣ್ಣೆ ಹಾಕಲು ಇಷ್ಟೇ ಸಾಕು. ಸೈಡ್ ಸ್ಟ್ಯಾಂಡು ಕೆಳಗಿದ್ದರೆ ಹಿಂದಕ್ಕೆ ತಿರುಗುವ ಎಡ ಪೆಡಲ್ಲು ಅದಕ್ಕೆ ಬಡಿಯುವ ಸಾಧ್ಯತೆ ಇರುವುದರಿಂದ ಸೈಕಲ್ಲನ್ನು ಗೋಡೆಗೆ ಆನಿಸುವುದು ಒಳ್ಳೆಯದು.

ಕ್ರಮ ಹೀಗಿರಲಿ. ಚೈನು ಇರುವ ಬಲಬದಿ ನಿಮ್ಮ ಕಡೆಗೆ ಬರುವಂತೆ, ಸೀಟು ಮತ್ತು ಹ್ಯಾಂಡಲ್ಲು ಎರಡೂ ಗೋಡೆಗೆ ತಾಗುವಂತೆ ಸೈಕಲ್ಲನ್ನು ಆನಿಸಿ. ಹಳೆಯ ಟ್ಯೂಬಿನಿಂದ ಕತ್ತರಿಸಿದ ರಬ್ಬರು ಪಟ್ಟಿಯಿಂದ ಮುಂದಿನ ಬ್ರೇಕಿನ ಹಿಡಿಕೆಯನ್ನು ಬಿಗಿದು ಕಟ್ಟಿದರೆ ಸೈಕಲ್ಲು ಮುಂದಕ್ಕೆ ಜಾರುವುದಿಲ್ಲ. ಗೇರ್ ಸೈಕಲ್ಲಾದರೆ ಚೈನನ್ನು ಹಿಂದಿನ ನಡುವಿನ ಹಲ್ಲುಚಕ್ರಕ್ಕೆ ತಂದಿಟ್ಟುಕೊಳ್ಳಿ. ತೀರಾ ಅಂಚಿನ ಚಕ್ರದಲ್ಲಿ ಹಿಂದಕ್ಕೆ ತಿರುಗಿಸಿದರೆ ಚೈನು ಕಳಚಿಕೊಳ್ಳಬಹುದು. ಕಪ್ಪು ಸೈಕಲ್ಲಿಗೆ ಪೂರ್ತಿ ಚೈನ್ ಕವರ್ ಇದ್ದರೆ ಅದನ್ನು ಬಿಚ್ಚದೆ ಕೆಲಸ ಸಾಗದು.

ಮಳೆಗಾಲದಲ್ಲಿ ಇದಕ್ಕೂ ಮೊದಲು ಇನ್ನೊಂದು ಕೆಲಸವಿದೆ. ನವಲಗುಂದ, ಅಣ್ಣಿಗೇರಿ, ಗದಗದ ಕಡೆಯ ಎರೆ ಭೂಮಿಯ ಹಾದಿಯಲ್ಲಿ ತುಳಿದು ಬಂದ ಸೈಕಲ್ಲಿನ ಮಡ್‌ಗಾರ್ಡಿನೊಳಗೆ ಮಣ್ಣು ಮೆತ್ತಿಕೊಂಡು ಗಾಲಿಯೇ ತಿರುಗದಂತಾಗುವುದನ್ನು ಆ ಭಾಗದವರಿಗೆ ಹೇಳಬೇಕಾಗಿಲ್ಲ. ಎರೆ ಮಣ್ಣು ಹಸಿಯಿದ್ದಾಗ ಅಂಟು, ಪೂರ್ತಿ ಒಣಗಿದಾಗ ಇಟ್ಟಿಗೆ. ಅರೆ ಒಣಗಿದಾಗ ಬಿದಿರಿನ ದಬ್ಬೆಯಿಂದ ಎಬ್ಬಿದರೆ ಹೆಂಟೆಹೆಂಟೆಯಾಗಿ ಉದುರುತ್ತದೆ, ಬಣ್ಣವೂ ಕೆರೆಯುವುದಿಲ್ಲ. ಉಳಿದದ್ದನ್ನು ಬಕೀಟಿನ ನೀರು ಮತ್ತು ಬಟ್ಟೆಯಿಂದ ತೊಳೆಯಿರಿ. ಮೋಟಾರ್ ಸೈಕಲ್ ತೊಳೆಯುವ ಕಡೆಯ ರಭಸದ ನೀರಿನ ಪೈಪನ್ನು ಗಾಲಿಯ ನಡುವಿನ ಹಬ್ (ಕಡ್ಡಿಗಳೆಲ್ಲ ಕೂಡುವ ಗುಂಬ) ಭಾಗಕ್ಕೆ ಹಿಡಿಯಬಾರದು. ನೀರು ಒಳಹೊಕ್ಕು ಬೇರಿಂಗಿನ ಗ್ರೀಸನ್ನು ತೊಳೆದುಬಿಡುತ್ತದೆ.

ಇನ್ನು ಚೈನು. ಹಳೆಯ ಹಲ್ಲುಜ್ಜುವ ಬ್ರಶ್ಶನ್ನು ಸ್ವಲ್ಪ ಡೀಸೆಲ್ಲಿನಲ್ಲಿ ಅದ್ದಿ, ಕೆಳಗಿನ ಸಾಲಿನ ಚೈನಿಗೆ ಉಜ್ಜುತ್ತಾ ಎಡಗೈಯಿಂದ ಪೆಡಲ್ಲನ್ನು ಹಿಂದಕ್ಕೆ ತಿರುಗಿಸಿ. ಡೀಸೆಲ್ಲು ಗಾಲಿಯ ರಿಮ್ಮಿಗಾಗಲಿ ಡಿಸ್ಕಿಗಾಗಲಿ ಸಿಡಿಯದಂತೆ ಹಿಂದೆ ಒಂದು ರಟ್ಟಿನ ತುಂಡನ್ನು ಅಡ್ಡ ಹಿಡಿಯಿರಿ. ಬ್ರೇಕು ಹಿಡಿಯುವ ಜಾಗಕ್ಕೆ ಜಿಡ್ಡು ತಾಗಿದರೆ ಪ್ರಾಣಕ್ಕೇ ಅಪಾಯ. ಬಟ್ಟೆಯಿಂದ ಚೈನನ್ನು ಹಿಡಿದು ಕಪ್ಪು ಬರುವುದು ಕಡಿಮೆಯಾಗುವವರೆಗೆ ತಿರುಗಿಸಿ ಒರೆಸಿ, ಅರ್ಧ ಗಂಟೆ ಆರಲು ಬಿಡಿ. ಆಮೇಲೆ ಚೈನಿನ ಒಳಮೈಯ ಒಂದೊಂದು ಉರುಳೆಗೂ ಒಂದೊಂದೇ ಹನಿಯಂತೆ ಎಣ್ಣೆ ಬಿಡುತ್ತಾ ಹೋಗಿ. ನೂರಕ್ಕೂ ಮಿಕ್ಕಿ ಕೊಂಡಿಗಳಿರುವುದರಿಂದ ಇದಕ್ಕೆ ತಾಳ್ಮೆ ಬೇಕು. ಹತ್ತು ನಿಮಿಷ ಕಾದು, ಹೊರಮೈಗೆ ಉಳಿದ ಎಣ್ಣೆಯನ್ನು ಒಣಬಟ್ಟೆಯಿಂದ ಪೂರ್ತಿ ಒರೆಸಿಬಿಡಿ. ಎಣ್ಣೆ ಬೇಕಾದದ್ದು ಉರುಳೆಯ ಒಳಗೆ. ಹೊರಗೆ ಉಳಿದದ್ದು ಧೂಳನ್ನು ಹಿಡಿದು ಅರಗಿನಂತಾಗುತ್ತದೆ.

ಯಾವ ಎಣ್ಣೆ ಎಂಬುದೂ ಮುಖ್ಯ. ಅಡುಗೆಮನೆಯ ಕುಸುಬಿ ಎಣ್ಣೆಯನ್ನೋ ಶೇಂಗಾ ಎಣ್ಣೆಯನ್ನೋ ಚೈನಿಗೆ ಬಿಡುವ ರೂಢಿ ಕೆಲವು ಮನೆಗಳಲ್ಲಿದೆ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಪೊರೆ ಕಟ್ಟುವ ಜಾತಿಯದು. ಕೆಲವೇ ದಿನಗಳಲ್ಲಿ ಅಂಟಾಗಿ ಚೈನನ್ನು ಬಿಗಿಹಿಡಿಯುತ್ತದೆ. ಗ್ಯಾರೇಜಿನಲ್ಲಿ ತೆಗೆದ ಹಳೆಯ ಎಂಜಿನ್ ಆಯಿಲಿನಲ್ಲಿ ಲೋಹದ ಸಣ್ಣ ಪುಡಿ ಬೆರೆತಿರುವುದರಿಂದ ಅದೂ ಬೇಡ. ಹೊಲಿಗೆ ಯಂತ್ರದ ಎಣ್ಣೆ ಬೇಸಿಗೆಯಲ್ಲಿ ನಡೆಯುತ್ತದೆ, ಆದರೆ ತೆಳುವಾದ್ದರಿಂದ ಆಷಾಢದ ಜಿಟಿಜಿಟಿ ಮಳೆಗೆ ಒಂದೇ ದಿನದಲ್ಲಿ ತೊಳೆದುಹೋಗುತ್ತದೆ.

ಚೈನು ಸವೆದಿದೆಯೇ ಎಂಬುದನ್ನು ಇದೇ ಹೊತ್ತಿನಲ್ಲಿ ಅಳೆದು ನೋಡಿ. ಸೈಕಲ್ ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ಅಂತರ ಸರಿಯಾಗಿ ಅರ್ಧ ಅಂಗುಲ, ಅಂದರೆ 12.7 ಮಿಲಿಮೀಟರ್. ಆದ್ದರಿಂದ ಉಕ್ಕಿನ ಅಳತೆಪಟ್ಟಿಯ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಹಿಡಿದರೆ, ಅಲ್ಲಿಂದ 24ನೆಯ ಅಂತರದ ಪಿನ್ನು 12 ಅಂಗುಲಕ್ಕೆ ಬರಬೇಕು. ಅದು ಅಂಗುಲದ 16ನೆಯ ಒಂದು ಭಾಗದಷ್ಟು ಮುಂದೆ ಹೋಗಿದ್ದರೆ ಗೇರ್ ಸೈಕಲ್ಲಿನ ಚೈನನ್ನು ಬದಲಿಸುವ ಹೊತ್ತು ಬಂದಿದೆ ಎಂದು ತಿಳಿಯಿರಿ. ಎಂಟನೆಯ ಒಂದು ಭಾಗದಷ್ಟು ಹೋಗಿದ್ದರೆ ಹಲ್ಲುಚಕ್ರಗಳೂ ಸವೆದಿರುತ್ತವೆ. ಹೊಸ ಚೈನೊಂದನ್ನೇ ಹಾಕಿದರೆ ಅದು ಹಲ್ಲಿನ ಮೇಲೆ ಜಿಗಿಯುತ್ತದೆ.

ತಲೆಕೆಳಗೆ ಮಾಡುವಾಗ

ಸೈಕಲ್ಲನ್ನು ಮಗುಚಿ ಸೀಟು ಮತ್ತು ಹ್ಯಾಂಡಲ್ಲಿನ ಮೇಲೆ ನಿಲ್ಲಿಸುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಗಾಲಿ ಬಿಚ್ಚುವ ಕೆಲಸಕ್ಕೆ ಇದಕ್ಕಿಂತ ಭದ್ರವಾದ ನಿಲುವು ಬೇರೊಂದಿಲ್ಲ, ಏಕೆಂದರೆ ಮೂರು ಕಡೆ ಊರಿ ನಿಂತ ಸೈಕಲ್ಲು ಅಲುಗುವುದಿಲ್ಲ. ಮೊದಲು ನೀರಿನ ಬಾಟಲಿ, ದೀಪ, ಮೊಬೈಲ್ ಹಿಡಿಕೆಗಳನ್ನು ತೆಗೆದಿಡಿ. ಗಂಟೆಯನ್ನು ಸಡಿಲಿಸಿ ಕೆಳಮುಖವಾಗಿ ತಿರುಗಿಸಿ. ಹಿಂದಿನ ಗಾಲಿ ಬಿಚ್ಚುವುದಿದ್ದರೆ ಚೈನನ್ನು ಎಲ್ಲಕ್ಕಿಂತ ಸಣ್ಣ ಹಲ್ಲುಚಕ್ರಕ್ಕೆ ಇಳಿಸಿ, ಸೈಕಲ್ಲು ಇನ್ನೂ ನೆಲದ ಮೇಲಿರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ. ಪಡಸಾಲೆಯ ಫರಶಿಯ ಮೇಲೆ ಹಳೆಯ ಕೌದಿಯೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿ. ಕೌದಿ ಸೀಟಿನ ಹೊದಿಕೆಯನ್ನು ಕಾಯುತ್ತದೆ, ಜಾರುವುದನ್ನೂ ತಡೆಯುತ್ತದೆ. ಗೇರ್ ಬದಲಿಸುವ ಹಿಡಿಕೆಗಳು ಹ್ಯಾಂಡಲ್ಲಿಗಿಂತ ಮೇಲಕ್ಕೆ ಚಾಚಿಕೊಂಡಿದ್ದರೆ, ಬಟ್ಟೆ ಸುತ್ತಿದ ಎರಡು ಇಟ್ಟಿಗೆಗಳನ್ನು ಹ್ಯಾಂಡಲ್ಲಿನ ಎರಡು ಹಿಡಿಗಳ ಕೆಳಗೆ ಇಟ್ಟರೆ ಭಾರವೆಲ್ಲ ಹಿಡಿಗಳ ಮೇಲೆ ಬಿದ್ದು ಅವು ನೆಲಕ್ಕೆ ತಾಗದೆ ಉಳಿಯುತ್ತವೆ.

ಹೈಡ್ರಾಲಿಕ್ ಡಿಸ್ಕ್ ಬ್ರೇಕ್, ಅಂದರೆ ಕೇಬಲ್ಲಿನ ಬದಲು ಎಣ್ಣೆಯ ಒತ್ತಡದಿಂದ ಹಿಡಿಯುವ ಬ್ರೇಕು, ಇರುವ ಸೈಕಲ್ಲನ್ನು ಮಾತ್ರ ಹೀಗೆ ಮಗುಚಿ ಬಹಳ ಹೊತ್ತು ಇಡಬಾರದು. ಹಿಡಿಕೆಯ ಬಳಿಯ ಎಣ್ಣೆಯ ಪಾತ್ರೆಯಲ್ಲಿ ಮೇಲೆ ನಿಂತಿರುವ ಗಾಳಿಯ ಗುಳ್ಳೆ, ಸೈಕಲ್ಲು ಮಗುಚಿದಾಗ ಕೊಳವೆಯೊಳಗೆ ಏರಿಬಿಡುತ್ತದೆ. ಮರಳಿ ನಿಲ್ಲಿಸಿದ ಮೇಲೆ ಬ್ರೇಕು ಹಿಡಿದರೆ ಹಿಡಿಕೆ ಮೆತ್ತಗೆ ಹ್ಯಾಂಡಲ್ಲಿನವರೆಗೆ ಬಂದುಬಿಡುತ್ತದೆ. ನಮ್ಮ ಮನೆಯ ಒಂದು ಸೈಕಲ್ಲಿಗೆ ಹೀಗೇ ಆಯಿತು. ಅದನ್ನು ನೆಟ್ಟಗೆ ನಿಲ್ಲಿಸಿ, ಹಲವು ಸಲ ಹಿಡಿಕೆಯನ್ನು ಒತ್ತಿ ಬಿಟ್ಟು, ಕೊನೆಗೆ ರಬ್ಬರು ಪಟ್ಟಿಯಿಂದ ಹಿಡಿಕೆಯನ್ನು ಬಿಗಿದು ರಾತ್ರಿಯಿಡೀ ಹಾಗೇ ಬಿಟ್ಟ ಮೇಲೆ ಬ್ರೇಕು ಮರಳಿ ಗಟ್ಟಿಯಾಯಿತು. ಹಾಗೆ ಮಾಡಿಯೂ ಸರಿಹೋಗದಿದ್ದರೆ ಗಾಳಿ ತೆಗೆಸದೆ ಆ ಸೈಕಲ್ಲನ್ನು ಓಡಿಸಬಾರದು.

ಪಂಕ್ಚರಿಗೆ ಎಷ್ಟೋ ಸಲ ಮಗುಚುವುದೂ ಬೇಡ. ರಸ್ತೆ ಬದಿಯ ಪಂಕ್ಚರ್ ಅಂಗಡಿಯವರು ಗಾಲಿ ಬಿಚ್ಚದೆಯೇ, ಟೈರಿನ ಒಂದು ಅಂಚನ್ನು ರಿಮ್ಮಿನಿಂದ ಎಬ್ಬಿಸಿ ಟ್ಯೂಬನ್ನು ಹೊರಕ್ಕೆಳೆದು ತೇಪೆ ಹಾಕುವುದನ್ನು ಗಮನಿಸಿರಬಹುದು. ನಮ್ಮ ಕಡೆಯ ಪಂಕ್ಚರುಗಳಿಗೆ ಬಹುಪಾಲು ಜಾಲಿ ಮುಳ್ಳೇ ಕಾರಣವಾದ್ದರಿಂದ, ತೇಪೆ ಹಾಕುವ ಮೊದಲು ಟೈರಿನ ಒಳಮೈಯನ್ನು ಬಟ್ಟೆಯಿಂದ ಸುತ್ತಲೂ ಸವರಿ ನೋಡಬೇಕು. ಬಟ್ಟೆ ಸಿಕ್ಕಿಕೊಂಡಲ್ಲಿ ಮುಳ್ಳಿದೆ. ಅದನ್ನು ಇಕ್ಕಳದಿಂದ ಕೀಳದಿದ್ದರೆ ಹಾಕಿದ ತೇಪೆಯ ಪಕ್ಕದಲ್ಲೇ ಮರುದಿನ ಇನ್ನೊಂದು ತೂತು ಸಿದ್ಧ.

ಜೋಕಾಲಿಯ ಕೊಂಡಿಗೆ ತೂಗುಹಾಕುವುದು

ನಮ್ಮ ಭಾಗದ ಹಳೆಯ ಮನೆಗಳ ಪಡಸಾಲೆಯ ತೊಲೆಗೆ ಕಬ್ಬಿಣದ ಕೊಂಡಿಗಳಿರುತ್ತವೆ. ಮಗುವಿದ್ದಾಗ ತೊಟ್ಟಿಲು, ಶ್ರಾವಣದ ನಾಗರಪಂಚಮಿಗೆ ಜೋಕಾಲಿ, ಉಳಿದಂತೆ ವರ್ಷವೆಲ್ಲ ಅವು ಖಾಲಿ. ದೊಡ್ಡವರು ಕುಳಿತು ಜೀಕುವ ಭಾರವನ್ನು ತಡೆಯುವ ಕೊಂಡಿಗೆ, 15ರಿಂದ 20 ಕಿಲೋ ತೂಗುವ ಸೈಕಲ್ಲು ಲೆಕ್ಕಕ್ಕಿಲ್ಲ. ಸೈಕಲ್ ಅಂಗಡಿಗಳಲ್ಲಿಯೂ ಮೇಲಿನ ಜಂತಿಗೆ ಹಗ್ಗ ಇಳಿಬಿಟ್ಟು ಸೈಕಲ್ಲನ್ನು ತೂಗುಹಾಕುವ ರೂಢಿ ಇದ್ದೇ ಇದೆ. ನನ್ನ ಅನುಭವದಲ್ಲಿ ಹೈಡ್ರಾಲಿಕ್ ಬ್ರೇಕಿನ ಸೈಕಲ್ಲಿಗೂ, ಗೇರು ಕೂರಿಸುವ ಕೆಲಸಕ್ಕೂ ಇದು ಎಲ್ಲಕ್ಕಿಂತ ಒಳ್ಳೆಯ ದಾರಿ. ಆದರೆ ಕಟ್ಟುವುದನ್ನು ಸರಿಯಾಗಿ ಕಟ್ಟಬೇಕು.

ಹಗ್ಗ ಹೆಬ್ಬೆರಳಿನ ದಪ್ಪದ ನೂಲಿನದಾಗಿರಲಿ. ನುಣುಪಾದ ನೈಲಾನ್ ಹಗ್ಗದ ಗಂಟು ಭಾರಕ್ಕೆ ಮೆಲ್ಲಮೆಲ್ಲನೆ ಜಾರುತ್ತದೆ. ಎರಡು ಕೊಂಡಿಗಳಿಂದ ಎರಡು ಹಗ್ಗಗಳನ್ನು ಇಳಿಬಿಡಿ. ಒಂದೇ ಕೊಂಡಿ ಇದ್ದರೆ ಒಂದು ಗಟ್ಟಿಯಾದ ಬಿದಿರಿನ ಗಳವನ್ನು ಅದಕ್ಕೆ ಅಡ್ಡ ಕಟ್ಟಿ, ಗಳದ ಎರಡು ತುದಿಗಳಿಂದ ಹಗ್ಗ ಇಳಿಸಿ. ಹಿಂದಿನ ಹಗ್ಗದ ಕುಣಿಕೆಯನ್ನು ಸೀಟಿನ ಮೂತಿಗೆ ಹಾಕದೆ, ಸೀಟಿನ ಕೆಳಗಿನ ಎರಡು ಕಂಬಿಗಳಿಗೆ ಸುತ್ತಿ ತನ್ನಿ. ಮುಂದಿನ ಹಗ್ಗವನ್ನು ಹ್ಯಾಂಡಲ್ಲಿನ ನಡುವಿನ ಕುತ್ತಿಗೆಯ ಎರಡೂ ಪಕ್ಕಕ್ಕೆ ಬರುವಂತೆ ಹಾಕಿದರೆ ಹ್ಯಾಂಡಲ್ಲು ಒಂದು ಕಡೆಗೆ ತಿರುಗುವುದಿಲ್ಲ. ಬ್ರೇಕ್ ಮತ್ತು ಗೇರಿನ ಕೇಬಲ್ಲುಗಳು ಹಗ್ಗದ ಅಡಿಯಲ್ಲಿ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. ಕುಣಿಕೆಗಳು ಎಳೆದಷ್ಟೂ ಬಿಗಿಯುವ ಅಥವಾ ಸಡಿಲಾಗುವ ಜಾತಿಯವಾಗದೆ ಸ್ಥಿರವಾಗಿರಬೇಕು. ಗಾಲಿಗಳು ನೆಲದಿಂದ ಒಂದು ಗೇಣು ಮೇಲಿದ್ದರೆ ಸಾಕು, ಏಕೆಂದರೆ ನಾವು ಮಣೆಯ ಮೇಲೆ ಕುಳಿತು ಕೆಲಸ ಮಾಡುವವರು. ಮಣೆಯ ಎತ್ತರಕ್ಕೆ ಕುಳಿತವರ ಕಣ್ಣಿಗೆ ಹಿಂದಿನ ಗೇರಿನ ಭಾಗ ನೇರವಾಗಿ ಕಾಣುತ್ತದೆ.

ಇಷ್ಟಾದ ಮೇಲೆ ಮೂರನೆಯ ಹಗ್ಗವೊಂದನ್ನು ಮರೆಯಬೇಡಿ. ತೂಗುವ ಸೈಕಲ್ಲು ಜೋಕಾಲಿಯೇ. ಪಾನಾ ಹಾಕಿ ಜಗ್ಗಿದಾಗ ಅದು ಓಡಿಹೋಗುತ್ತದೆ. ಮುಂದಿನ ಗಾಲಿಯನ್ನು ಕಿಟಕಿಯ ಸರಳಿಗೋ ಕಂಬಕ್ಕೋ ಕಟ್ಟಿಬಿಟ್ಟರೆ ಅದು ನಿಲ್ಲುತ್ತದೆ. ನಾನು ಮೊದಲ ಬಾರಿ ಹೀಗೆ ತೂಗುಹಾಕಿದಾಗ ನೈಲಾನ್ ಹಗ್ಗವನ್ನೇ ಬಳಸಿದ್ದೆ, ಮೂರನೆಯ ಹಗ್ಗವನ್ನೂ ಕಟ್ಟಿರಲಿಲ್ಲ. ಬೋಲ್ಟೊಂದನ್ನು ಬಿಗಿಯುತ್ತಿದ್ದಾಗ ಹಿಂದಿನ ಗಂಟು ಬಿಚ್ಚಿಕೊಂಡು ಸೈಕಲ್ಲು ಬಲಬದಿಗೆ ಬಿತ್ತು. ಹಿಂದಿನ ಗೇರನ್ನು ಹಿಡಿದಿರುವ ಹ್ಯಾಂಗರ್ ಎಂಬ ಸಣ್ಣ ತುಂಡು ಒಳಕ್ಕೆ ಬಾಗಿತು. ಅದನ್ನು ನೆಟ್ಟಗೆ ಮಾಡಿಸುವವರೆಗೆ ಎಷ್ಟು ತಿರುಪಿದರೂ ಗೇರು ಕೂರಲಿಲ್ಲ.

ಸಿಮೆಂಟಿನ ಹೊಸ ಮನೆಗಳಲ್ಲಿ ಇಂಥ ಕೊಂಡಿ ಇರುವುದು ಅಪರೂಪ. ಫ್ಯಾನಿನ ಕೊಂಡಿಗೆ ಮಾತ್ರ ಎಂದಿಗೂ ಸೈಕಲ್ಲು ಕಟ್ಟಬೇಡಿ; ಅಲ್ಲಿ ವಿದ್ಯುತ್ ತಂತಿ ಇದೆ. ಅಂಗಳದ ಮರದ ಕೊಂಬೆ ಆಗಬಹುದು, ಆದರೆ ಗಾಳಿಯಿಲ್ಲದ ಹೊತ್ತು ನೋಡಿ. ಕಪ್ಪತಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ಸುತ್ತುವ ಗದಗಿನ ಸೀಮೆಯಲ್ಲಿ ಬಯಲಿನಲ್ಲಿ ತೂಗುಹಾಕಿದ ಸೈಕಲ್ಲು ಒಂದು ಗಳಿಗೆಯೂ ನಿಲ್ಲದು.

ಗೇರು ಕೂರಿಸುವಾಗ

ಗಾಲಿ ಎತ್ತಲೇಬೇಕಾದ ಕೆಲಸ ಇದು. ಪೆಡಲ್ಲನ್ನು ಮುಂದಕ್ಕೆ ತಿರುಗಿಸುತ್ತಾ ಗೇರು ಬದಲಿಸಿ ನೋಡದೆ ಹೊಂದಿಸಲು ಬರುವುದಿಲ್ಲ. ಮಗುಚಿದ ಸೈಕಲ್ಲಿನಲ್ಲಿ ಗೇರಿನ ಹಿಡಿಕೆ ಕೆಳಗೆ ಸಿಕ್ಕಿಕೊಂಡು, ಎಡಬಲದ ಲೆಕ್ಕವೂ ತಪ್ಪುವುದರಿಂದ ಅದನ್ನು ಈ ಕೆಲಸಕ್ಕೆ ನಾನು ಒಪ್ಪುವುದಿಲ್ಲ. ಕೊಂಡಿ ಇಲ್ಲದವರು ಮನೆಯ ಒಬ್ಬರನ್ನು ಕರೆದು ಸೀಟು ಎತ್ತಿ ಹಿಡಿಯಲು ಹೇಳಬಹುದು. ಹತ್ತು ನಿಮಿಷದ ಕೆಲಸಕ್ಕೆ ಅದು ಸಾಕಾಗುತ್ತದೆ.

ಹಿಂದಿನ ಗೇರನ್ನು ಸಣ್ಣ ಹಲ್ಲುಚಕ್ರದಲ್ಲಿ ಇಟ್ಟು ಪೆಡಲ್ಲು ತಿರುಗಿಸುತ್ತಾ ಒಂದು ಹಂತ ಮೇಲಕ್ಕೆ ಬದಲಿಸಿ. ಚೈನು ದೊಡ್ಡ ಚಕ್ರಕ್ಕೆ ಏರಲು ತಡ ಮಾಡಿದರೆ ಕೇಬಲ್ ಸಡಿಲವಿದೆ. ಹಿಂದಿನ ಗೇರಿನಲ್ಲೋ ಹಿಡಿಕೆಯ ಬಳಿಯೋ ಕೇಬಲ್ ಒಳಹೋಗುವ ಕಡೆ ಇರುವ ಸಣ್ಣ ಗುಂಡಿಯನ್ನು ಹೊರಕ್ಕೆ ಬರುವಂತೆ ಅರ್ಧ ಸುತ್ತು ತಿರುಗಿಸಿ. ಏರುವುದು ಸಲೀಸಾಗಿದ್ದು ಇಳಿಯಲು ತಡವಾದರೆ ಅದೇ ಗುಂಡಿಯನ್ನು ಒಳಕ್ಕೆ ತಿರುಗಿಸಿ. ಪ್ರತಿ ಸಲ ಅರ್ಧ ಸುತ್ತಿಗಿಂತ ಹೆಚ್ಚು ಬೇಡ. ಚೈನು ಕೊನೆಯ ಚಕ್ರ ದಾಟಿ ಗಾಲಿಯ ಕಡ್ಡಿಗಳ ಕಡೆಗೋ ಹೊರಗಿನ ಚೌಕಟ್ಟಿನ ಕಡೆಗೋ ಬೀಳುವಂತಿದ್ದರೆ ಮಾತ್ರ ಎಲ್ ಮತ್ತು ಎಚ್ ಎಂದು ಗುರುತು ಮಾಡಿದ ತಿರುಪುಗಳನ್ನು ಮುಟ್ಟಬೇಕು. ಎಲ್ ದೊಡ್ಡ ಚಕ್ರದ ಮಿತಿ, ಎಚ್ ಸಣ್ಣ ಚಕ್ರದ ಮಿತಿ. ಬೆರಳುಗಳನ್ನು ಚೈನು ಮತ್ತು ಹಲ್ಲಿನ ನಡುವೆ ತರದಂತೆ, ಸೀರೆಯ ಸೆರಗು, ಲುಂಗಿಯ ತುದಿ ಗಾಲಿಗೆ ಸಿಗದಂತೆ ಎಚ್ಚರವಹಿಸಿ. ಎತ್ತಿ ಹಿಡಿದ ಗಾಲಿಯ ವೇಗ ಬೆರಳು ಕತ್ತರಿಸುವಷ್ಟಿರುತ್ತದೆ, ಮಕ್ಕಳನ್ನು ದೂರವೇ ನಿಲ್ಲಿಸಿ.

ಗಾಲಿಯ ಔಟ್ ತೆಗೆಯುವುದು

ಗಾಲಿ ಎಡಬಲಕ್ಕೆ ಓಲಾಡುತ್ತಿದ್ದರೆ ಸಣ್ಣ ಓಲಾಟವನ್ನು ಮನೆಯಲ್ಲೇ ತೆಗೆಯಬಹುದು. ಸೈಕಲ್ಲನ್ನು ಮಗುಚಿ ಅಥವಾ ತೂಗುಹಾಕಿ, ಗಾಲಿಯನ್ನು ನಿಧಾನಕ್ಕೆ ತಿರುಗಿಸಿ, ರಿಮ್ಮು ಯಾವ ಬದಿಯ ಬ್ರೇಕ್ ರಬ್ಬರಿಗೆ ಸಮೀಪ ಬರುತ್ತದೆ ಎಂದು ಸೀಮೆಸುಣ್ಣದಿಂದ ಗುರುತು ಮಾಡಿ. ಬಲಕ್ಕೆ ಓಲಿದ್ದರೆ, ಆ ಜಾಗದಲ್ಲಿ ಹಬ್ಬಿನ ಎಡಬದಿಯಿಂದ ಬರುವ ಕಡ್ಡಿಗಳ ನಿಪ್ಪಲ್ಲನ್ನು (ರಿಮ್ಮಿನ ಬಳಿ ಕಡ್ಡಿಯ ತುದಿಯಲ್ಲಿರುವ ಸಣ್ಣ ನಟ್ಟನ್ನು) ಸ್ಪೋಕ್ ಕೀಯಿಂದ ಕಾಲು ಸುತ್ತು ಬಿಗಿ ಮಾಡಿ, ಬಲಬದಿಯವನ್ನು ಕಾಲು ಸುತ್ತು ಸಡಿಲಿಸಿ. ಟೈರಿನ ಕಡೆಯಿಂದ ಹಬ್ಬಿನ ಕಡೆಗೆ ನೋಡುವಾಗ ಗಡಿಯಾರದ ಮುಳ್ಳಿನ ದಿಕ್ಕು ಬಿಗಿಯ ದಿಕ್ಕು. ಕಪ್ಪು ಸೈಕಲ್ಲಿನ ಸಲಾಕೆ ಬ್ರೇಕಿನ ರಬ್ಬರು ರಿಮ್ಮಿನ ಒಳಗಡೆಗೆ ತಾಗುವುದರಿಂದ ಅದು ಪಕ್ಕದ ಓಲಾಟವನ್ನು ತೋರಿಸುವುದಿಲ್ಲ. ಅಲ್ಲಿ ಗಾಲಿಯ ಪಕ್ಕದ ಕೊಳವೆಗೆ ಒಂದು ಬಿದಿರಿನ ಕಡ್ಡಿಯನ್ನು ಕಟ್ಟಿ ಅದರ ತುದಿಯನ್ನು ರಿಮ್ಮಿನ ಸಮೀಪಕ್ಕೆ ತಂದರೆ ಅದೇ ಅಳತೆಗೋಲಾಗುತ್ತದೆ.

ಕೊಳ್ಳಲೇಬೇಕಾದವರು

ಸ್ಟ್ಯಾಂಡು ಕೊಳ್ಳುವುದಕ್ಕೆ ನಾನು ಪೂರ್ಣ ಮನಸ್ಸಿನಿಂದ ಒಪ್ಪುವ ಕಾರಣ ಬೆನ್ನು ಮತ್ತು ಮೊಣಕಾಲು. ನೆಲಕ್ಕೆ ಕುಳಿತು ಏಳುವುದು ಕಷ್ಟವಾದವರಿಗೆ ಎದೆಯ ಮಟ್ಟದಲ್ಲಿ ಕೆಲಸ ಮಾಡಲು ಬೇರೆ ದಾರಿಯಿಲ್ಲ, ಅವರು ಹಣದ ಮುಖ ನೋಡಬಾರದು. ಮನೆಯಲ್ಲಿ ಮೂರು ನಾಲ್ಕು ಗೇರ್ ಸೈಕಲ್ಲುಗಳಿದ್ದು ವಾರವಾರವೂ ಕೈ ಹಾಕುವವರಿಗೂ, ಕೊಂಡಿಯಿಲ್ಲದ ಫ್ಲ್ಯಾಟಿನಲ್ಲಿ ಹೈಡ್ರಾಲಿಕ್ ಬ್ರೇಕಿನ ಸೈಕಲ್ಲು ಇಟ್ಟುಕೊಂಡವರಿಗೂ ಅದು ಉಪಯುಕ್ತ. ಫ್ಲ್ಯಾಟಿನವರು ದೊಡ್ಡ ಸ್ಟ್ಯಾಂಡಿಗೆ ಮೊದಲು, ಹಿಂದಿನ ಗಾಲಿಯ ಅಚ್ಚನ್ನು ಎರಡೂ ಬದಿಯಿಂದ ಹಿಡಿದು ಒಂದೆರಡು ಅಂಗುಲ ಎತ್ತುವ ಸಣ್ಣ ಹಿಂಗಾಲಿ ಸ್ಟ್ಯಾಂಡನ್ನು ನೋಡಬೇಕು. ಬೆಲೆಯೂ ಕಡಿಮೆ, ಬಾಲ್ಕನಿಯ ಮೂಲೆಯಲ್ಲಿ ಹಿಡಿಸುತ್ತದೆ, ಗೇರಿನ ಕೆಲಸಕ್ಕೆ ಬೇಕಾದ ಒಂದೇ ಒಂದು ಉಪಕಾರವನ್ನು ಅದು ಪೂರ್ತಿಯಾಗಿ ಮಾಡುತ್ತದೆ.

ದೊಡ್ಡದನ್ನೇ ಕೊಳ್ಳುವುದಾದರೆ ಅದರ ಮೇಲೆ ಬರೆದಿರುವ ಭಾರದ ಮಿತಿಯನ್ನು ಓದಿ, ಮನೆಯಲ್ಲಿರುವ ಅತಿ ಭಾರದ ಸೈಕಲ್ಲಿನ ತೂಕ ಅದಕ್ಕಿಂತ ಸಾಕಷ್ಟು ಕಡಿಮೆ ಇರುವುದನ್ನು ಖಚಿತಪಡಿಸಿಕೊಳ್ಳಿ. ಬ್ಯಾಟರಿ ಸೈಕಲ್ಲಾದರೆ ಬ್ಯಾಟರಿ ತೆಗೆದೇ ಎತ್ತಬೇಕು. ಸ್ಟ್ಯಾಂಡಿನ ಕಾಲುಗಳು ಅಗಲವಾಗಿ ಹರಡಿರಲಿ. ಶಹಾಬಾದ್ ಫರಶಿಯ ಏರುತಗ್ಗಿನ ಮೇಲೆ ಇಕ್ಕಟ್ಟಾದ ಕಾಲುಗಳ ಸ್ಟ್ಯಾಂಡು ಕುಂಟುತ್ತದೆ. ಹಿಡಿಕೆಯನ್ನು ಸೀಟಿನ ಕಂಬಕ್ಕೆ ಮಾತ್ರ ಕಚ್ಚಿಸಿ. ಕಾರ್ಬನ್ನಿನ ಅಥವಾ ತೆಳು ಅಲ್ಯೂಮಿನಿಯಮ್ಮಿನ ಚೌಕಟ್ಟಿನ ಕೊಳವೆಗೆ ಕಚ್ಚಿಸಿದರೆ ಅದು ಒಳಗೇ ಬಿರಿಯಬಹುದು ಅಥವಾ ಜಜ್ಜಬಹುದು. ಕಚ್ಚಿಸುವ ಮೊದಲು ಹಿಡಿಕೆಯ ರಬ್ಬರಿನ ಮೇಲಿನ ಮರಳನ್ನು ಒರೆಸಿ, ಇಲ್ಲದಿದ್ದರೆ ಕಂಬದ ಬಣ್ಣವೆಲ್ಲ ಗೀರು.

ಹಳ್ಳಿಯಲ್ಲಿರುವವರು, ಅದರಲ್ಲೂ 2006-07ರಿಂದ ಹಲವು ವರ್ಷ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳನ್ನು ಇನ್ನೂ ಓಡಿಸುತ್ತಿರುವವರು, ಇದಾವುದಕ್ಕೂ ಹಣ ಹಾಕಬೇಕಾಗಿಲ್ಲ. ಹಿಂಗಾಲಿಯ ಸ್ಟ್ಯಾಂಡಿನ ಸ್ಪ್ರಿಂಗು ಸಡಿಲಾಗಿದ್ದರೆ ಹೊಸದು ಹಾಕಿಸಿ, ಕಾಲುಗಳು ಬಾಗಿದ್ದರೆ ನೆಟ್ಟಗೆ ಮಾಡಿಸಿ, ಅವುಗಳ ತುದಿಗೆ 1 ಅಂಗುಲ ದಪ್ಪದ ಹಲಗೆಯ ತುಂಡು ಇಟ್ಟರೆ ಹಿಂದಿನ ಗಾಲಿ ಇನ್ನಷ್ಟು ಎತ್ತರಕ್ಕೆ ಬರುತ್ತದೆ.

ಇಳಿಸಿದ ಮೇಲೆ, ಹತ್ತುವ ಮೊದಲು

ತೂಗುಹಾಕಿದ, ಮಗುಚಿದ ಅಥವಾ ಸ್ಟ್ಯಾಂಡಿಗೆ ಏರಿಸಿದ ಸೈಕಲ್ಲನ್ನು ಇಳಿಸಿದ ಕೂಡಲೇ ಹತ್ತಿ ಹೊರಡಬೇಡಿ. ಗಾಲಿ ಬಿಚ್ಚಿ ಹಾಕಿದ್ದರೆ, ಸೈಕಲ್ಲಿನ ಭಾರ ನೆಲಕ್ಕೆ ಬಿದ್ದ ಮೇಲೆ ನಟ್ಟನ್ನು ಸಡಿಲಿಸಿ, ಅಚ್ಚು ಎರಡೂ ಬದಿಯ ಸೀಳಿನಲ್ಲಿ ಪೂರ್ತಿ ಕುಳಿತುಕೊಳ್ಳಲು ಬಿಟ್ಟು, ಮತ್ತೆ ಬಿಗಿಯಬೇಕು. ಗಾಳಿಯಲ್ಲಿ ಬಿಗಿದ ಗಾಲಿ ಎಷ್ಟೋ ಸಲ ಸೊಟ್ಟಗೆ ಕುಳಿತಿರುತ್ತದೆ. ಸೈಕಲ್ಲನ್ನು ಒಂದು ಗೇಣು ಎತ್ತಿ ಕೆಳಗೆ ಬಿಟ್ಟು ಯಾವುದಾದರೂ ಸಡಿಲಿನ ಸದ್ದು ಬರುತ್ತದೆಯೇ ಕೇಳಿ. ಬ್ರೇಕಿನ ಹಿಡಿಕೆಗೆ ಕಟ್ಟಿದ್ದ ರಬ್ಬರು ಪಟ್ಟಿಯನ್ನು ಬಿಚ್ಚಿ, ಎರಡೂ ಬ್ರೇಕುಗಳನ್ನು ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿ ನೋಡಿ. ಆಮೇಲೆ ಓಣಿಯೊಳಗೇ ಒಂದು ಸುತ್ತು ನಿಧಾನವಾಗಿ ಹೋಗಿ ಬಂದು, ಗಾಲಿಯ ನಟ್ಟುಗಳಿಗೆ ಇನ್ನೊಮ್ಮೆ ಪಾನಾ ಹಚ್ಚಿ ಬಿಗಿ ಇರುವುದನ್ನು ನೋಡಿಕೊಳ್ಳಿ.